ಸುಡುವ ಲೋಹ, ಒಗ್ಗದ ಲೋಹ

ಲೋಹವು ಲೋಹವಾಗಿಯೇ ಉಳಿದಿರುವಷ್ಟು ಹೊತ್ತು ಬಾಯಿಗೆ ಅದರಿಂದ ಕೇಡಿಲ್ಲ. ಮಗುವಿಗೆ ಹಾಲು ಕುಡಿಸುವ ಬೆಳ್ಳಿಯ ಒಳಲೆಯಾಗಲಿ, ಸ್ಟೀಲ್ ಚಮಚವಾಗಲಿ, ಚಿನ್ನದ ಹಲ್ಲಾಗಲಿ ತುಟಿಗೋ ಕೆನ್ನೆಯ ಒಳಬದಿಗೋ ತಾಗಿದ ಮಾತ್ರಕ್ಕೆ ಹುಣ್ಣಾಗುವುದಿಲ್ಲ. ಲೋಹದ ಪರಮಾಣು ಒಂದೆರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡು, ಅಯಾನಾಗಿ ಜೊಲ್ಲಿನಲ್ಲಿ ಕರಗಿದಾಗಲೇ ಅದಕ್ಕೆ ಜೀವಕೋಶದ ಗೊಡವೆ. ಕರಗಿದ ಅಯಾನು ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಅಂಟಿಸಿಕೊಂಡ ಪ್ರೋಟೀನಿನ ರೂಪ ಬದಲಾಗುತ್ತದೆ. ಬಾಯಿಯಲ್ಲಿ ಲೋಹದಿಂದ ಆಗುವ ಉಪದ್ರವಗಳಲ್ಲಿ ಹೆಚ್ಚಿನವಕ್ಕೆ ಮೂಲ ಇಷ್ಟೇ.

ಅಲ್ಲಿಂದ ಮುಂದೆ ಎರಡು ದಾರಿ. ಒಂದು ಕೆರಳಿಕೆ: ಲೋಹದ ಲವಣ ಸಾಕಷ್ಟು ಪ್ರಬಲವಾಗಿದ್ದರೆ, ಸಾಕಷ್ಟು ಹೊತ್ತು ಒಂದೇ ಕಡೆ ನಿಂತರೆ, ಅದು ಯಾರ ಬಾಯನ್ನಾದರೂ ಸುಡುತ್ತದೆ. ಮೊದಲ ಸಲವೇ ಸುಡುತ್ತದೆ, ತೆಗೆದರೆ ಆರುತ್ತದೆ. ಇನ್ನೊಂದು ಅಲರ್ಜಿ: ಇಲ್ಲಿ ಪ್ರಮಾಣಕ್ಕಿಂತ ವ್ಯಕ್ತಿ ಮುಖ್ಯ. ನೂರಾರು ಜನರಿಗೆ ಏನೂ ಮಾಡದ ಅತ್ಯಲ್ಪ ಲೋಹ ಯಾರೋ ಒಬ್ಬರ ದೇಹಕ್ಕೆ ಶತ್ರುವಾಗಿ ಕಾಣುತ್ತದೆ, ಅದೂ ಮೊದಲ ಭೇಟಿಯಲ್ಲಲ್ಲ. ಹಲ್ಲಿನ ಫಿಲ್ಲಿಂಗ್, ಕ್ಯಾಪ್, ಕ್ಲಿಪ್ಪುಗಳ ಬಗ್ಗೆ ಹರಡಿರುವ ಭಯದಲ್ಲಿ ಅರ್ಧಪಾಲು ಇವೆರಡನ್ನೂ ಒಂದೇ ಎಂದು ಎಣಿಸಿದ್ದರಿಂದ ಹುಟ್ಟಿದ್ದು.

ಪೊರೆಯ ಸ್ವಭಾವ

ಬಾಯಿಯ ಲೋಳೆಪೊರೆ ಎಲ್ಲೆಡೆ ಒಂದೇ ತೆರನಾಗಿಲ್ಲ. ವಸಡು ಮತ್ತು ಗಟ್ಟಿ ಅಂಗುಳು ಅಗಿಯುವಾಗ ಉಜ್ಜಿಸಿಕೊಳ್ಳುವ ಜಾಗಗಳು. ಅವುಗಳ ಮೇಲೆ ಚರ್ಮದಲ್ಲಿರುವಂತೆಯೇ ಕೆರಾಟಿನ್ ಎಂಬ ಗಡಸು ಪ್ರೋಟೀನಿನ ಹೊದಿಕೆ ಇರುತ್ತದೆ. ಕೆನ್ನೆ ಮತ್ತು ತುಟಿಗಳ ಒಳಬದಿಗೆ, ನಾಲಿಗೆಯ ಅಡಿಭಾಗಕ್ಕೆ ಆ ರಕ್ಷೆಯಿಲ್ಲ. ನಾಲಿಗೆಯಡಿಯ ಪೊರೆಯಂತೂ ಎಷ್ಟು ತೆಳುವೆಂದರೆ, ಎದೆನೋವು ಬಂದಾಗ ಅಲ್ಲಿಟ್ಟುಕೊಳ್ಳುವ ಸಾರ್ಬಿಟ್ರೇಟ್ ಮಾತ್ರೆ ನಿಮಿಷಗಳಲ್ಲಿ ರಕ್ತಕ್ಕೆ ಸೇರುತ್ತದೆ. ಔಷಧ ನುಸುಳುವ ಕಡೆ ಲೋಹದ ಅಯಾನೂ ನುಸುಳಬಲ್ಲದು.

ಇಷ್ಟು ತೆಳುವಾಗಿದ್ದೂ ಬಾಯಿ ಚರ್ಮಕ್ಕಿಂತ ಗಟ್ಟಿಗ. ದಿನಕ್ಕೆ ಸುಮಾರು ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಸುರಿದು ಏನೇ ಬಂದರೂ ತೆಳುಮಾಡಿ ಹೊಟ್ಟೆಗಿಳಿಸುತ್ತದೆ. ಜೊಲ್ಲಿನಲ್ಲಿರುವ ಪ್ರೋಟೀನುಗಳು ಅಯಾನುಗಳನ್ನು ದಾರಿಯಲ್ಲೇ ಹಿಡಿದುಕೊಳ್ಳುತ್ತವೆ. ಪೊರೆಯ ಮೇಲ್ಪದರದ ಕೋಶಗಳು ಚರ್ಮದ ಕೋಶಗಳಿಗಿಂತ ಬೇಗ ಉದುರಿ ಹೊಸತು ಬರುತ್ತವೆ. ಅಡಿಯಲ್ಲಿರುವ ದಟ್ಟ ರಕ್ತನಾಳಗಳು ಒಳಹೊಕ್ಕಿದ್ದನ್ನು ಅಲ್ಲೇ ನಿಲ್ಲಗೊಡದೆ ಸಾಗಿಸುತ್ತವೆ. ಹಾಗಾಗಿ ಚರ್ಮದ ಮೇಲೆ ಗಂದೆ ಎಬ್ಬಿಸುವ ಪ್ರಮಾಣದ ಹಲವು ಪಟ್ಟು ಲೋಹ ಬೇಕು, ಬಾಯಲ್ಲಿ ಅದೇ ಪರಿಣಾಮ ಕಾಣಲು. ಜೊಲ್ಲು ಬತ್ತಿದವರ ಮಾತು ಬೇರೆ. ವಯಸ್ಸಾದವರು, ಖಿನ್ನತೆಯ ಕೆಲವು ಮಾತ್ರೆಗಳನ್ನು ದಿನವೂ ನುಂಗುವವರು, ತಲೆ ಮತ್ತು ಕುತ್ತಿಗೆಗೆ ವಿಕಿರಣ ಚಿಕಿತ್ಸೆ ಪಡೆದವರು, ಇವರ ಬಾಯಲ್ಲಿ ಈ ಕಾವಲು ಸಡಿಲವಾಗಿರುತ್ತದೆ.

ಒಗರಿನಿಂದ ಉರಿಯವರೆಗೆ

ಕೆರಳಿಕೆಯ ಮೊದಲ ಮೆಟ್ಟಿಲು ಒಗರು. ಕ್ಷೌರದಂಗಡಿಯಲ್ಲಿ ಗಾಯಕ್ಕೆ ಉಜ್ಜುವ ಪಟಿಕ, ಅಂದರೆ ಪೊಟ್ಯಾಸಿಯಂ ಮತ್ತು ಅಲ್ಯುಮಿನಿಯಂಗಳ ಸಲ್ಫೇಟ್, ನಾಲಿಗೆಗೆ ತಾಗಿದರೆ ಬಾಯೆಲ್ಲ ಬಿಗಿದುಕೊಳ್ಳುತ್ತದೆ. ಅಲ್ಯುಮಿನಿಯಂ ಅಯಾನು ಜೊಲ್ಲಿನ ಪ್ರೋಟೀನುಗಳನ್ನು ಗಟ್ಟಿಗೊಳಿಸಿ ಒಟ್ಟಿಗೆ ಸೇರಿಸುತ್ತದೆ, ಜಾರಿಕೆ ಹೋಗಿ ನಾಲಿಗೆ ಅಂಗುಳಿಗೆ ತೊಡರುತ್ತದೆ. ಇದೇ ಗುಣ ಉಪಯೋಗಕ್ಕೂ ಬರುತ್ತದೆ. ವಸಡಿನ ಸಣ್ಣ ರಕ್ತಸ್ರಾವ ನಿಲ್ಲಿಸಲು ದಂತವೈದ್ಯರು ಅಲ್ಯುಮಿನಿಯಂ ಕ್ಲೋರೈಡ್ ಅಥವಾ ಫೆರಿಕ್ ಸಲ್ಫೇಟ್ ದ್ರವ ಸವರುತ್ತಾರೆ. ಅಳತೆಯಲ್ಲಿದ್ದಾಗ ರಕ್ತ ಹೆಪ್ಪುಗಟ್ಟಿಸುವ ಈ ದ್ರವ ಅಳತೆ ಮೀರಿದರೆ ಪೊರೆಯ ಕೋಶಗಳ ಪ್ರೋಟೀನನ್ನೂ ಹೆಪ್ಪುಗಟ್ಟಿಸುತ್ತದೆ. ಆಗ ಕಾಣುವುದು ಸುಟ್ಟ ಗಾಯದ ಬಿಳಿಪದರ. ಬಾಯಿಹುಣ್ಣಿಗೆ ಹಿಂದೆ ಧಾರಾಳವಾಗಿ ಮುಟ್ಟಿಸುತ್ತಿದ್ದ ಸಿಲ್ವರ್ ನೈಟ್ರೇಟ್ ಕಡ್ಡಿ ಮಾಡುತ್ತಿದ್ದುದೂ ಇದನ್ನೇ: ಹುಣ್ಣಿನ ತಳದ ನರತುದಿಗಳನ್ನು ಸುಟ್ಟು ನೋವಡಗಿಸುವುದು. ಅದರಿಂದ ಹುಣ್ಣು ವಾಸಿಯಾಗುತ್ತಿತ್ತು ಎನ್ನುವುದಕ್ಕಿಂತ, ಒಂದು ಹುಣ್ಣಿನ ಜಾಗದಲ್ಲಿ ನೋವಿಲ್ಲದ ಇನ್ನೊಂದು ಹುಣ್ಣು ಬರುತ್ತಿತ್ತು ಎನ್ನುವುದೇ ಸರಿ.

ಕನ್ನಡ ನಾಡಿನ ಬಾಯಿಗಳಿಗೆ ಅತ್ಯಂತ ಪರಿಚಿತವಾದ ಲೋಹದ ಸುಡುಗಾಯ ಎಲೆಯಡಿಕೆಯ ಸುಣ್ಣದ್ದು. ಕ್ಯಾಲ್ಸಿಯಂ ಕೂಡ ಲೋಹವೇ, ಸುಣ್ಣ ಅದರ ಹೈಡ್ರಾಕ್ಸೈಡ್. ನೀರಿನಲ್ಲಿ ಅದು ಕರಗುವುದು ಕೊಂಚವೇ ಆದರೂ, ಕರಗಿದಷ್ಟರಿಂದಲೇ ನೀರಿನ ಪಿಎಚ್ 12 ದಾಟುತ್ತದೆ. ಎಲೆಗೆ ಸುಣ್ಣ ತುಸು ಹೆಚ್ಚಾಗಿ ಬಾಯಿ ಬೆಂದಾಗ ಅಲ್ಲಿ ತಪ್ಪು ಮಾಡಿದ್ದು ಕ್ಯಾಲ್ಸಿಯಂ ಅಯಾನಲ್ಲ, ಅದರ ಜೊತೆಗಿರುವ ಕ್ಷಾರ. ಕ್ಷಾರ ಕೋಶಪೊರೆಯ ಕೊಬ್ಬನ್ನು ಸಾಬೂನಾಗಿಸಿ ಒಳಕ್ಕೆ ಇಳಿಯುತ್ತಾ ಹೋಗುತ್ತದೆ. ಆಮ್ಲದ ಗಾಯಕ್ಕಿಂತ ಕ್ಷಾರದ ಗಾಯ ಆಳವಾಗುವುದು ಇದರಿಂದಲೇ. ದಿನಕ್ಕೆ ಹತ್ತಾರು ಸಲ ಒಂದೇ ದವಡೆಗೆ ಕವಳ ಇಟ್ಟುಕೊಳ್ಳುವವರಲ್ಲಿ ಆ ಜಾಗದ ಪೊರೆ ಕಂದುಗೆಂಪು ಬಣ್ಣಕ್ಕೆ ತಿರುಗಿ, ಸಿಪ್ಪೆ ಸುಲಿದಂತೆ ಎದ್ದಿರುತ್ತದೆ. ಸುಣ್ಣಕ್ಕೆ ಇನ್ನೊಂದು ಕೆಲಸವೂ ಇದೆ. ಹೊಗೆಸೊಪ್ಪಿನ ಜೊತೆ ತಿಕ್ಕಿದಾಗ ಅದು ನಿಕೋಟಿನನ್ನು ಪೊರೆಯೊಳಗೆ ಸಲೀಸಾಗಿ ಹೀರಿಕೊಳ್ಳುವ ರೂಪಕ್ಕೆ ತರುತ್ತದೆ. ಅಂಗೈಯಲ್ಲಿ ಸುಣ್ಣ ಹಚ್ಚಿ ತಿಕ್ಕುವವರಿಗೆ ರಸಾಯನಶಾಸ್ತ್ರ ಗೊತ್ತಿಲ್ಲದಿದ್ದರೂ ಪರಿಣಾಮ ಗೊತ್ತು.

ಅದೇ ಸುಣ್ಣ ಇನ್ನೊಂದು ಕಡೆ ಲೋಹದ ಉರಿಯನ್ನು ಆರಿಸುವುದೂ ಉಂಟು. ಮಲೆನಾಡು ಮತ್ತು ಕರಾವಳಿಯ ಅಡಿಕೆ ತೋಟಗಳಲ್ಲಿ ಕೊಳೆರೋಗಕ್ಕೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು ಬೇಕು. ಮೈಲುತುತ್ತ ಎಂದರೆ ತಾಮ್ರದ ಸಲ್ಫೇಟ್. ನೀರಿನಲ್ಲಿ ಪೂರ್ತಿ ಕರಗುವ, ತುಟಿಗೆ ತಾಗಿದರೆ ಉರಿಸುವ, ನುಂಗಿದರೆ ವಾಂತಿ ಮಾಡಿಸುವ ಲವಣ. ಸುಣ್ಣದ ನೀರು ಸೇರಿದಾಗ ತಾಮ್ರ ಕರಗದ ರೂಪಕ್ಕೆ ತಿರುಗಿ ತಣ್ಣಗಾಗುತ್ತದೆ. ಸುಣ್ಣ ಸಾಲದಿದ್ದರೆ ಬಿಡಿ ತಾಮ್ರ ಉಳಿದು ಎಲೆ ಮತ್ತು ಎಳೆಗಾಯಿಗಳನ್ನು ಸುಡುತ್ತದೆ. ಅದಕ್ಕೇ ಬೆಳೆಗಾರರು ಹೊಳೆಯುವ ಚಾಕುವನ್ನು ದ್ರಾವಣದಲ್ಲಿ ಅದ್ದಿ ನೋಡುವುದು. ಅಲಗಿನ ಮೇಲೆ ಕೆಂಪು ಲೇಪ ಕೂತರೆ ಇನ್ನಷ್ಟು ಸುಣ್ಣ ಬೇಕು ಎಂದರ್ಥ. ಲೋಹದ ಸಂಯುಕ್ತ ಸುಡುತ್ತದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಅದರಲ್ಲಿರುವ ಒಟ್ಟು ಲೋಹವಲ್ಲ, ಕರಗಿ ಬಿಡಿಯಾಗಿರುವ ಅಯಾನು. ಇದನ್ನು ಆ ಚಾಕುವಿಗಿಂತ ಚೆನ್ನಾಗಿ ಯಾವ ಪಠ್ಯಪುಸ್ತಕವೂ ತೋರಿಸಲಾರದು. ಎಲೆಗೆ ಅನ್ವಯಿಸುವುದು ಲೋಳೆಪೊರೆಗೂ ಅನ್ವಯಿಸುತ್ತದೆ. ಹುಣಿಸೆಹುಳಿ ಹಾಕಿ ಕುದಿಸುವ ತಾಮ್ರ, ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಮಾಡಿಸುತ್ತಿದ್ದುದೂ ಹುಳಿಗೆ ತಾಮ್ರ ಕರಗಿ ಕಿಲುಬಾಗಬಾರದೆಂದು.

ಕಬ್ಬಿಣದ ಮಾತ್ರೆಯ ಗಾಯ ಇವಕ್ಕಿಂತ ಕಡಿಮೆ ಪರಿಚಿತ, ಆದರೆ ಗಮನಕ್ಕೆ ಹೆಚ್ಚು ಅರ್ಹ. ರಕ್ತಹೀನತೆಗೆ ಕೊಡುವ ಸಾಮಾನ್ಯ ಮಾತ್ರೆಯಲ್ಲಿರುವುದು ಫೆರಸ್ ಸಲ್ಫೇಟ್, ನಾಟಿವೈದ್ಯ ಬಲ್ಲವರ ಮಾತಿನಲ್ಲಿ ಅನ್ನಭೇದಿ. ಹೊರಲೇಪ ಸಮೇತ ನೀರಿನೊಂದಿಗೆ ನುಂಗಿದರೆ ಬಾಯಿಗೆ ಏನೂ ಆಗದು. ಅಗಿದರೆ, ಚೀಪಿದರೆ, ಅಥವಾ ನುಂಗಲು ಕಷ್ಟಪಡುವ ಹಿರಿಯರ ಕೆನ್ನೆಯ ಸಂದಿಯಲ್ಲಿ ಉಳಿದುಬಿಟ್ಟರೆ, ಕರಗಿದ ಕಬ್ಬಿಣ ಅಲ್ಲೇ ಆಮ್ಲಜನಕದೊಡನೆ ಪ್ರತಿಕ್ರಿಯಿಸಿ ಪೊರೆಯನ್ನು ಕೊರೆಯುತ್ತದೆ. ಪಾರ್ಶ್ವವಾಯುವಿನಿಂದ ಬಾಯಿಯ ಒಂದು ಬದಿ ಮರಗಟ್ಟಿದವರಲ್ಲಿ ಇಂಥ ಹುಣ್ಣು ಆಳವಾಗುವವರೆಗೆ ಯಾರ ಗಮನಕ್ಕೂ ಬಾರದೆ ಹೋಗುವುದಿದೆ. ನುಂಗಲಾಗದವರಿಗೆ ಮಾತ್ರೆ ಪುಡಿಮಾಡಿ ಕೊಡುವ ಮನೆಮಂದಿಯ ಕಾಳಜಿಯೇ ಇಲ್ಲಿ ಮುಳುವಾಗುತ್ತದೆ. ಅಂಥವರಿಗೆ ದ್ರವರೂಪದ ಔಷಧವಿದೆ.

ಲೋಹ ಬಾಯಿಗೆ ಹೊರಗಿನಿಂದಲೇ ತಾಗಬೇಕೆಂದೂ ಇಲ್ಲ. ಸೀಸ ದೇಹದಲ್ಲಿ ಸೇರಿಕೊಂಡವರ ವಸಡಿನ ಅಂಚಿನಲ್ಲಿ ನೀಲಿಗಪ್ಪು ಗೆರೆ ಮೂಡುವುದನ್ನು ಲಂಡನ್ನಿನ ವೈದ್ಯ ಹೆನ್ರಿ ಬರ್ಟನ್ 1840ರಲ್ಲಿ ವಿವರಿಸಿದ. ರಕ್ತದಲ್ಲಿ ಬಂದ ಸೀಸ, ಹಲ್ಲಿನ ಬುಡದ ಬ್ಯಾಕ್ಟೀರಿಯಾಗಳು ಬಿಡುಗಡೆ ಮಾಡುವ ಹೈಡ್ರೋಜನ್ ಸಲ್ಫೈಡ್ ಜೊತೆ ಸೇರಿ ಸೀಸದ ಸಲ್ಫೈಡ್ ಆಗುತ್ತದೆ, ಅದೇ ಆ ಗೆರೆ. ಪಾದರಸ ಹೆಚ್ಚಾದಾಗ ವಸಡು ಬಾತು, ಜೊಲ್ಲು ಧಾರೆಯಾಗಿ ಸುರಿಯುತ್ತದೆ. ಯುರೋಪಿನಲ್ಲಿ ಸಿಫಿಲಿಸ್‌ಗೆ ಪಾದರಸವೇ ಮದ್ದಾಗಿದ್ದ ಶತಮಾನಗಳಲ್ಲಿ ವೈದ್ಯರು ಈ ಜೊಲ್ಲನ್ನು ಔಷಧ ನಾಟಿದ ಗುರುತು ಎಂದು ಸ್ವಾಗತಿಸುತ್ತಿದ್ದರು. ಅದು ವಿಷದ ಗುರುತಾಗಿತ್ತು.

ಸುಡುವುದೂ ಅಲ್ಲ, ಅಲರ್ಜಿಯೂ ಅಲ್ಲ ಎನ್ನುವಂಥ ಮೂರನೆಯ ಒಂದು ದಾರಿಯನ್ನು ಇಲ್ಲೇ ಹೇಳಿಬಿಡಬೇಕು. ಅಡಿಕೆಯಲ್ಲಿ ಸಹಜವಾಗಿಯೇ ತಾಮ್ರದ ಅಂಶ ಬೇರೆ ಬೀಜಗಳಿಗಿಂತ ಹೆಚ್ಚು. ಅಗಿಯುವಾಗ ಅದು ಜೊಲ್ಲಿಗೆ ಬಿಡುತ್ತದೆ. ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವಕ್ಕೆ ಕೆಲಸ ಮಾಡಲು ತಾಮ್ರ ಬೇಕು, ಕೊಲಾಜೆನ್ ಎಳೆಗಳನ್ನು ಒಂದಕ್ಕೊಂದು ಬಿಗಿಯುವುದು ಆ ಕಿಣ್ವದ ಕೆಲಸ. ಅಡಿಕೆ ಅಗಿಯುವವರಲ್ಲಿ ಕೆನ್ನೆಯ ಪೊರೆಯಡಿ ನಾರು ಬೆಳೆದು, ಬಾಯಿ ಎರಡು ಬೆರಳಿನಷ್ಟೂ ತೆರೆಯದಂತಾಗುವ ಕಾಯಿಲೆಯಲ್ಲಿ ಮುಖ್ಯ ಆರೋಪಿ ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ರಾಸಾಯನಿಕ. ತಾಮ್ರ ಅದರ ಜೊತೆಗಾರ ಎಂಬುದು ಸಂಶೋಧಕರ ವಾದ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಹೊಗೆಸೊಪ್ಪಿಲ್ಲದ ಅಡಿಕೆಯನ್ನೂ 2004ರಲ್ಲಿ ಪ್ರಕಟವಾದ ತನ್ನ ವರದಿಯಲ್ಲಿ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ.

ಬಾಯೊಳಗಿನ ವಿದ್ಯುತ್ತು

ಹಲ್ಲಿಗೆ ಕೂರಿಸಿದ ಘನ ಲೋಹದಿಂದ ಅಯಾನು ಹೊರಬರುವುದು ಸವೆತದಿಂದ ಮತ್ತು ತುಕ್ಕಿನಿಂದ. ಬಾಯಿ ತುಕ್ಕಿಗೆ ಹೇಳಿಮಾಡಿಸಿದ ಜಾಗ: ಬೆಚ್ಚಗಿನ ಉಪ್ಪುನೀರು, ಹುಳಿ ಪದಾರ್ಥ, ಆಮ್ಲ ಸ್ರವಿಸುವ ಬ್ಯಾಕ್ಟೀರಿಯಾ, ಜೊತೆಗೆ ದಿನವಿಡೀ ಉಜ್ಜಾಟ. ಅಲ್ಲಿ ಎರಡು ಬೇರೆ ಬೇರೆ ಲೋಹಗಳಿದ್ದರೆ ಇನ್ನೂ ಒಂದು ಸಂಗತಿ ಸೇರುತ್ತದೆ. ಸ್ವಿಟ್ಜರ್ಲೆಂಡ್ ಮೂಲದ ಜೊಹಾನ್ ಗೆಯೋರ್ಗ್ ಸುಲ್ಜರ್ ಎಂಬ ವಿದ್ವಾಂಸ 18ನೇ ಶತಮಾನದ ಮಧ್ಯದಲ್ಲಿ ಸೀಸದ ಮತ್ತು ಬೆಳ್ಳಿಯ ತುಣುಕುಗಳ ಅಂಚು ಸೇರಿಸಿ ನಾಲಿಗೆಗೆ ಇಟ್ಟು ನೋಡಿದ. ಬಿಡಿಬಿಡಿಯಾಗಿ ಯಾವ ರುಚಿಯೂ ಇರಲಿಲ್ಲ, ಒಟ್ಟಿಗೆ ಇಟ್ಟಾಗ ಅನ್ನಭೇದಿಯಂಥ ರುಚಿ ಬಂತು. ವೋಲ್ಟಾ ತನ್ನ ಬ್ಯಾಟರಿಯನ್ನು ಜಗತ್ತಿಗೆ ತೋರಿಸಿದ್ದು 1800ರಲ್ಲಿ. ಅದಕ್ಕೂ ಎಷ್ಟೋ ಮೊದಲೇ ಸುಲ್ಜರನ ನಾಲಿಗೆಯ ಮೇಲೆ ಬ್ಯಾಟರಿ ಇತ್ತು, ಅದು ಬ್ಯಾಟರಿ ಎಂದು ಅವನಿಗೆ ಹೊಳೆಯಲಿಲ್ಲ.

ಬೆಳ್ಳಿಬಣ್ಣದ ಫಿಲ್ಲಿಂಗ್ ಇರುವ ಹಲ್ಲಿಗೆ ಚಾಕೊಲೇಟಿನ ಅಲ್ಯುಮಿನಿಯಂ ಹಾಳೆ ಸಿಕ್ಕಿ ಜುಮ್ಮೆಂದರೆ ಅದೂ ಇದೇ. ಎರಡು ಲೋಹಗಳಲ್ಲಿ ಹೆಚ್ಚು ಚುರುಕಾದದ್ದು ಎಲೆಕ್ಟ್ರಾನು ಕಳೆದುಕೊಂಡು ಕರಗುತ್ತದೆ. ಚಿನ್ನದ ಕ್ಯಾಪಿನ ಎದುರಿಗೆ ಪಾದರಸ ಮಿಶ್ರಣದ ಫಿಲ್ಲಿಂಗ್ ಬಂದರೆ ತುಕ್ಕು ಹಿಡಿಯುವುದು ಫಿಲ್ಲಿಂಗ್, ಅಯಾನು ಸುರಿಯುವುದು ಅದರಿಂದ. ಹರಿಯುವ ವಿದ್ಯುತ್ತು ತೀರ ಕಡಿಮೆ. ಕೆಲದಿನಗಳಲ್ಲಿ ಲೋಹದ ಮೇಲೆ ಆಕ್ಸೈಡ್ ಪದರ ಕೂತು ಅದೂ ತಗ್ಗುತ್ತದೆ. ತಲೆನೋವು, ಸುಸ್ತು, ನಿದ್ರೆಗೇಡುಗಳನ್ನೆಲ್ಲ ಈ ವಿದ್ಯುತ್ತಿನ ತಲೆಗೆ ಕಟ್ಟುವ ಜಾಹೀರಾತುಗಳಿಗೆ ಆಧಾರವಿಲ್ಲ.

ಲೋಹದ ರುಚಿ ಎಂದು ಕರೆಯುವುದರಲ್ಲಿ ಒಂದು ಪಾಲು ರುಚಿಯೇ ಅಲ್ಲ. ಕಬ್ಬಿಣದ ಲವಣ ಬಾಯಿಯ ಕೊಬ್ಬಿನಂಶವನ್ನು ಉತ್ಕರ್ಷಿಸಿದಾಗ ಹುಟ್ಟುವ ಆವಿ ಗಂಟಲಿನ ಹಿಂದಿನಿಂದ ಮೂಗಿಗೆ ಹೋಗುತ್ತದೆ. ಮೂಗು ಮುಚ್ಚಿಕೊಂಡರೆ ಕಬ್ಬಿಣದ ‘ರುಚಿ’ ಬಹುಪಾಲು ಮಾಯ.

ಒಗ್ಗದ ಲೋಹ

ಅಲರ್ಜಿಯ ಕಥೆಯಲ್ಲಿ ಲೋಹಕ್ಕೆ ಮೊದಲಿನಿಂದಲೂ ಮುಖ್ಯ ಪಾತ್ರ. ಜರ್ಮನಿಯ ಚರ್ಮವೈದ್ಯ ಜೋಸೆಫ್ ಯಾಡಸ್ಸೋನ್ 1895ರಲ್ಲಿ ಪಾದರಸದ ಮುಲಾಮಿನಿಂದ ಚರ್ಮ ಕೆರಳಿದ್ದ ರೋಗಿಗಳ ಮೈಮೇಲೆ ಅದೇ ಪಾದರಸವನ್ನು ಪಟ್ಟಿಯಡಿ ಇಟ್ಟು, ಆ ಜಾಗ ಮಾತ್ರ ಕೆಂಪಾಗುವುದನ್ನು ತೋರಿಸಿದ. ಇಂದಿಗೂ ಬಳಕೆಯಲ್ಲಿರುವ ಪ್ಯಾಚ್ ಪರೀಕ್ಷೆ ಹುಟ್ಟಿದ್ದು ಹೀಗೆ.

ಲೋಹದ ಅಯಾನು ತೀರ ಚಿಕ್ಕದು. ಅಷ್ಟು ಚಿಕ್ಕದನ್ನು ರೋಗನಿರೋಧಕ ವ್ಯವಸ್ಥೆ ತಾನಾಗಿ ಗುರುತಿಸಲಾರದು. ಅದು ದೇಹದ್ದೇ ಪ್ರೋಟೀನಿಗೆ ಅಂಟಿಕೊಂಡು ಆ ಪ್ರೋಟೀನು ಅಪರಿಚಿತವಾಗಿ ಕಂಡಾಗ ಎಚ್ಚರ ಶುರುವಾಗುತ್ತದೆ. ಪೊರೆಯೊಳಗೆ ಬೀಡುಬಿಟ್ಟಿರುವ ಲ್ಯಾಂಗರ್‌ಹ್ಯಾನ್ಸ್ ಕೋಶಗಳು ಈ ಜೋಡಿಯನ್ನು ನುಂಗಿ, ಸಮೀಪದ ದುಗ್ಧಗ್ರಂಥಿಗೆ ಒಯ್ದು ಟಿ ಕೋಶಗಳಿಗೆ ತೋರಿಸುತ್ತವೆ. ಅದನ್ನು ಗುರುತಿಸಬಲ್ಲ ಟಿ ಕೋಶಗಳು ಒಂದೆರಡು ವಾರಗಳಲ್ಲಿ ದಂಡಾಗಿ ಬೆಳೆದು ರಕ್ತದಲ್ಲಿ ಸುತ್ತತೊಡಗುತ್ತವೆ. ಆ ಹಂತದಲ್ಲಿ ವ್ಯಕ್ತಿಗೆ ಏನೂ ಗೊತ್ತಾಗುವುದಿಲ್ಲ. ಮುಂದೆ ಎಂದಾದರೂ, ವರ್ಷಗಳ ನಂತರವಾದರೂ, ಅದೇ ಲೋಹ ಮತ್ತೆ ತಾಗಿದಾಗ ಆ ಕೋಶಗಳು ಅಲ್ಲಿಗೆ ಧಾವಿಸುತ್ತವೆ. ಧಾವಿಸಿ ಉರಿಯೂತ ಎಬ್ಬಿಸಲು ಒಂದರಿಂದ ಮೂರು ದಿನ ಹಿಡಿಯುವುದರಿಂದ ಇದಕ್ಕೆ ತಡವಾದ ಅಲರ್ಜಿ ಎಂದು ಹೆಸರು. ಕಡಲೆಕಾಯಿ ತಿಂದ ಕೂಡಲೇ ತುಟಿ ಊದಿಕೊಳ್ಳುವ ಅಲರ್ಜಿಯ ಜಾತಿಯೇ ಬೇರೆ.

ಲೋಹಗಳಲ್ಲಿ ಅಲರ್ಜಿಗೆ ಅಗ್ರಗಣ್ಯ ನಿಕಲ್. ಅದು ಯಾಕೆ ಇಷ್ಟು ಕುಖ್ಯಾತ ಎಂಬುದಕ್ಕೆ 2010ರಲ್ಲಿ ಜರ್ಮನಿಯ ಸಂಶೋಧಕರಿಂದ ಅಚ್ಚರಿಯ ಉತ್ತರ ಸಿಕ್ಕಿತು. ಬ್ಯಾಕ್ಟೀರಿಯಾ ಬಂದಾಗ ಗಂಟೆ ಬಾರಿಸಲು ಕೋಶದ ಮೇಲ್ಮೈಯಲ್ಲಿರುವ ಟಿಎಲ್ಆರ್-4 ಎಂಬ ಪ್ರೋಟೀನಿದೆ. ಮನುಷ್ಯರ ಟಿಎಲ್ಆರ್-4ರಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಎರಡು ಆಯಕಟ್ಟಿನ ಜಾಗಗಳಲ್ಲಿದ್ದು, ನಿಕಲ್ ಅಯಾನು ನೇರವಾಗಿ ಅಲ್ಲಿಗೆ ಕಚ್ಚಿಕೊಳ್ಳುತ್ತದೆ. ಬ್ಯಾಕ್ಟೀರಿಯಾ ಇಲ್ಲದೆಯೇ ಗಂಟೆ ಬಾರಿಸುತ್ತದೆ. ಇಲಿಯ ಪ್ರೋಟೀನಿನಲ್ಲಿ ಆ ಹಿಸ್ಟಿಡಿನ್‌ಗಳಿಲ್ಲ. ಪ್ರಯೋಗಾಲಯದ ಇಲಿಗಳಿಗೆ ನಿಕಲ್ ಅಲರ್ಜಿ ಬರಿಸಲು ವಿಜ್ಞಾನಿಗಳು ದಶಕಗಳಿಂದ ಪಟ್ಟ ಪಾಡಿನ ಕಾರಣ ಆಗ ಬಯಲಾಯಿತು. ಕೋಬಾಲ್ಟ್ ಕೂಡ ಇದೇ ದಾರಿ ಹಿಡಿಯುತ್ತದೆ. ಕ್ರೋಮಿಯಂನದು ಬೇರೆ ಉಪಾಯ: ಕ್ರೋಮೇಟ್ ರೂಪದಲ್ಲಿ ಪೊರೆ ದಾಟಿ, ಒಳಗೆ ಹೋದ ಮೇಲೆ ರೂಪ ಬದಲಿಸಿ ಪ್ರೋಟೀನಿಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ.

ನಿಕಲ್ ಅಲರ್ಜಿ ಶುರುವಾಗುವುದು ಸಾಮಾನ್ಯವಾಗಿ ಬಾಯಲ್ಲಲ್ಲ, ಕಿವಿಯಲ್ಲಿ. ಹೊಸದಾಗಿ ಚುಚ್ಚಿದ ಕಿವಿಗೆ ಅಗ್ಗದ ಓಲೆ ಹಾಕಿದಾಗ ನಿಕಲ್ ನೇರವಾಗಿ ಹಸಿಗಾಯಕ್ಕೆ ಇಳಿಯುತ್ತದೆ. ಅಲರ್ಜಿ ಗಂಡಸರಿಗಿಂತ ಹೆಂಗಸರಲ್ಲಿ ಹಲವು ಪಟ್ಟು ಹೆಚ್ಚಿರುವುದಕ್ಕೆ ಮುಖ್ಯ ಕಾರಣ ಇದೇ, ದೇಹಪ್ರಕೃತಿಯಲ್ಲ. ಡೆನ್ಮಾರ್ಕ್ 1990ರಲ್ಲಿ, ಯುರೋಪಿನ ಒಕ್ಕೂಟ 1994ರಲ್ಲಿ ಚರ್ಮಕ್ಕೆ ತಾಗುವ ಆಭರಣಗಳಿಂದ ನಿಕಲ್ ವಾರಕ್ಕೆ ಒಂದು ಚದರ ಸೆಂಟಿಮೀಟರಿಗೆ 0.5 ಮೈಕ್ರೊಗ್ರಾಂಗಿಂತ ಹೆಚ್ಚು ಬಿಡುಗಡೆಯಾಗಕೂಡದೆಂದು ನಿಯಮ ತಂದವು. ಡೆನ್ಮಾರ್ಕಿನ ಹುಡುಗಿಯರಲ್ಲಿ ಅಲರ್ಜಿ ಇಳಿಯಿತು.

ಬಾಯಿಯ ಸಹನೆ

ಹಾಗಾದರೆ ಹಲ್ಲು ನೇರ ಮಾಡಲು ಹಾಕುವ ಕ್ಲಿಪ್ಪಿನ ಗತಿಯೇನು? ಅದರ ಸ್ಟೀಲ್ ತುಣುಕುಗಳಲ್ಲಿ ಸುಮಾರು ಶೇ 8ರಷ್ಟು ನಿಕಲ್ ಇದೆ. ನಿಕಲ್-ಟೈಟಾನಿಯಂ ತಂತಿಯಲ್ಲಂತೂ ತೂಕದ ಅರ್ಧಕ್ಕಿಂತ ಹೆಚ್ಚು. ಕಾಗದದ ಮೇಲೆ ಇದು ಹೆದರಿಸುವ ಲೆಕ್ಕ. 1983ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಇಡೀ ಬಾಯಿಗೆ ಹಾಕುವಷ್ಟು ಕ್ಲಿಪ್ಪುಗಳನ್ನು ಉಪ್ಪುನೀರಿನಲ್ಲಿ ಇಟ್ಟು ಅಳೆದಾಗ ದಿನಕ್ಕೆ ಸರಾಸರಿ 40 ಮೈಕ್ರೊಗ್ರಾಂ ನಿಕಲ್, 36 ಮೈಕ್ರೊಗ್ರಾಂ ಕ್ರೋಮಿಯಂ ಹೊರಬಂತು. ಬೇಳೆಕಾಳು, ಗೋಡಂಬಿ, ಚಾಕೊಲೇಟುಗಳಿರುವ ಸಾಮಾನ್ಯ ಊಟದಿಂದಲೇ ದಿನಕ್ಕೆ ಇದಕ್ಕಿಂತ ಹಲವು ಪಟ್ಟು ನಿಕಲ್ ಹೊಟ್ಟೆ ಸೇರುತ್ತದೆ. ಕಿವಿಯಲ್ಲಿ ನಿಕಲ್ ಒಗ್ಗದ ಹುಡುಗಿಯರಲ್ಲೂ ಹೆಚ್ಚಿನವರು ಕ್ಲಿಪ್ಪನ್ನು ತೊಂದರೆಯಿಲ್ಲದೆ ತೊಡುತ್ತಾರೆ. ಅಪರೂಪಕ್ಕೆ ತೊಂದರೆಯಾದಾಗ ಅದು ಬಾಯೊಳಗೆ ಕಾಣುವುದಕ್ಕಿಂತ ತುಟಿಯ ಸುತ್ತ, ಕೆನ್ನೆಯ ಮೇಲೆ, ಕೆಲವೊಮ್ಮೆ ಕೈಮೇಲೆ ಗಂದೆಯಾಗಿ ಕಾಣುವುದೇ ಹೆಚ್ಚು. ಲೋಹ ಬಾಯಲ್ಲಿ, ತುರಿಕೆ ಕೈಯಲ್ಲಿ ಎಂದಾಗ ಎರಡನ್ನೂ ಜೋಡಿಸಿ ನೋಡುವ ವೈದ್ಯರು ಸಿಗುವುದೂ ಅದೃಷ್ಟವೇ.

ಬಾಯಿ ನಿಕಲ್ಲನ್ನು ಬರೀ ಸಹಿಸುವುದಲ್ಲ, ಸಹನೆಯನ್ನು ಕಲಿಸುವುದೂ ಉಂಟು. ತಿಂದ ಪ್ರತಿಯೊಂದಕ್ಕೂ ಕೆರಳುತ್ತ ಕೂತರೆ ಬದುಕು ಸಾಗದು. ಆದ್ದರಿಂದ ಬಾಯಿ ಮತ್ತು ಕರುಳಿನ ದಾರಿಯಲ್ಲಿ ಬಂದದ್ದಕ್ಕೆ ಕೆರಳದೆ ಸುಮ್ಮನಿರು ಎಂದು ಹೇಳುವ ಟಿ ಕೋಶಗಳ ವರ್ಗವೇ ಇದೆ. 1991ರಲ್ಲಿ ಪ್ರಕಟವಾದ ಯುರೋಪಿನ ಒಂದು ಸಮೀಕ್ಷೆಯ ಪ್ರಕಾರ, ಕಿವಿ ಚುಚ್ಚಿಸುವ ಮೊದಲೇ ಕ್ಲಿಪ್ ಹಾಕಿಸಿಕೊಂಡವರಲ್ಲಿ ನಿಕಲ್ ಅಲರ್ಜಿ ಕಡಿಮೆ. ಕಿವಿ ಚುಚ್ಚಿಸಿದ ಮೇಲೆ ಕ್ಲಿಪ್ ಹಾಕಿಸಿಕೊಂಡವರಿಗೆ ಈ ಲಾಭ ಸಿಕ್ಕಿರಲಿಲ್ಲ. ನಮ್ಮಲ್ಲಿ ಕಿವಿ ಚುಚ್ಚುವ ಶಾಸ್ತ್ರ ಹಸುಗೂಸಿನಲ್ಲೇ ಮುಗಿದಿರುತ್ತದೆ, ಕ್ಲಿಪ್ ಬರುವುದು ಹೈಸ್ಕೂಲಿನಲ್ಲಿ. ಅನುಕ್ರಮ ತಲೆಕೆಳಗು. ಮಗುವಿನ ಕಿವಿಗೆ ಚಿನ್ನದ ತಂತಿಯನ್ನೇ ಹಾಕುವ ರೂಢಿ ಇದ್ದಲ್ಲಿ ಅಪಾಯ ತಗ್ಗುತ್ತದೆ ಎಂಬುದು ನಿಜ. ಜಾತ್ರೆಯ ಓಲೆ ಆಮೇಲೆ ಬರುತ್ತದೆ.

ಫಿಲ್ಲಿಂಗಿನ ಪಕ್ಕದ ಬಿಳಿಗೆರೆ

ಬಾಯೊಳಗೇ ಕಣ್ಣಿಗೆ ಕಾಣುವ ಲೋಹದ ಅಲರ್ಜಿಗೆ ಸ್ಪಷ್ಟ ಉದಾಹರಣೆ ಅಮಾಲ್ಗಂ ಫಿಲ್ಲಿಂಗಿನದು. ತೂಕದಲ್ಲಿ ಸುಮಾರು ಅರ್ಧ ಪಾದರಸ, ಉಳಿದರ್ಧ ಬೆಳ್ಳಿ, ತವರ, ತಾಮ್ರಗಳ ಪುಡಿ. ಕಲಸಿ ತುಂಬಿದಾಗ ಗಟ್ಟಿಯಾಗುವ ಈ ಮಿಶ್ರಣ ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಕೋಟ್ಯಂತರ ಹಲ್ಲುಗಳನ್ನು ಉಳಿಸಿದೆ. ಕೆಲವರಲ್ಲಿ ಮಾತ್ರ, ಫಿಲ್ಲಿಂಗಿಗೆ ತಾಗಿಕೊಂಡೇ ಇರುವ ಕೆನ್ನೆಯ ಅಥವಾ ನಾಲಿಗೆಯ ಅಂಚಿನ ಪೊರೆಯಲ್ಲಿ ಬಲೆಯಂಥ ಬಿಳಿಗೆರೆಗಳು, ನಡುವೆ ಕೆಂಪು, ಒಮ್ಮೊಮ್ಮೆ ಹುಣ್ಣು ಕಾಣಿಸಿಕೊಳ್ಳುತ್ತದೆ. ಖಾರ ತಗಲಿದರೆ ಜೀವ ಹೋಗುವಷ್ಟು ಉರಿ.

ನೋಡಲು ಇದು ಲೈಕೆನ್ ಪ್ಲಾನಸ್ ಎಂಬ ಕಾಯಿಲೆಯನ್ನೇ ಹೋಲುತ್ತದೆ, ಸೂಕ್ಷ್ಮದರ್ಶಕದಡಿಯೂ ಹೆಚ್ಚುಕಡಿಮೆ ಹಾಗೆಯೇ. ವ್ಯತ್ಯಾಸವಿರುವುದು ಜಾಗದಲ್ಲಿ. ಲೈಕೆನ್ ಪ್ಲಾನಸ್ ಎರಡೂ ಕೆನ್ನೆಗಳಲ್ಲಿ ಸಮನಾಗಿ ಹರಡುತ್ತದೆ, ಫಿಲ್ಲಿಂಗಿನ ಗಾಯ ಫಿಲ್ಲಿಂಗ್ ಇರುವಲ್ಲಿಗೆ ಸೀಮಿತ. ಬಾಯಿ ಮುಚ್ಚಿದಾಗ ಪೊರೆಯ ಯಾವ ಭಾಗ ಯಾವ ಹಲ್ಲಿಗೆ ಆತುಕೊಳ್ಳುತ್ತದೆಂದು ಗಮನಿಸಿದರೆ ಅರ್ಧ ರೋಗನಿರ್ಣಯ ಮುಗಿಯಿತು. ಇಂಥವರಲ್ಲಿ ಹಲವರಿಗೆ ಪಾದರಸದ ಪ್ಯಾಚ್ ಪರೀಕ್ಷೆ ಕೆಂಪಾಗುತ್ತದೆ, ಹಲವರಿಗೆ ಆಗುವುದಿಲ್ಲ. ಆಗದವರಲ್ಲೂ ಆ ಫಿಲ್ಲಿಂಗ್ ತೆಗೆದು ಬೇರೆ ವಸ್ತು ತುಂಬಿದರೆ ಕೆಲವು ತಿಂಗಳಲ್ಲಿ ಪೊರೆ ಸರಿಹೋಗುವುದು ಸಾಮಾನ್ಯ. ಅಂದರೆ ಅಲ್ಲಿ ನಡೆದಿದ್ದು ಅಲರ್ಜಿಯೋ, ದೀರ್ಘಕಾಲದ ಕೆರಳಿಕೆಯೋ, ಎರಡರ ಬೆರಕೆಯೋ? ಗಾಯ ಎರಡೂ ದಾರಿಗಳ ಕೂಡಲಿನಲ್ಲಿದೆ. ಫಿಲ್ಲಿಂಗಿನ ಚೂರು ಪೊರೆಯೊಳಗೆ ಸೇರಿ ಉಳಿಯುವ ನೀಲಿಗಪ್ಪು ಕಲೆ ಮಾತ್ರ ಇವೆರಡೂ ಅಲ್ಲ, ನಿರಪಾಯದ ಹಚ್ಚೆ.

ಉಳಿದ ಲೋಹಗಳನ್ನು ಬೇಗ ಮುಗಿಸಬಹುದು. ಪಲ್ಲಾಡಿಯಂಗೆ ಪ್ರತಿಕ್ರಿಯಿಸುವವರಲ್ಲಿ ಹೆಚ್ಚಿನವರು ನಿಕಲ್ಲಿಗೂ ಪ್ರತಿಕ್ರಿಯಿಸುತ್ತಾರೆ. ಟಿ ಕೋಶಗಳಿಗೆ ಎರಡೂ ಒಂದೇ ಥರ ಕಾಣುತ್ತವೆ. ತೆಗೆದು ಹಾಕುವ ಹಲ್ಲಿನ ಸೆಟ್ಟಿನ ಚೌಕಟ್ಟಿಗೆ ಬಳಸುವ ಕೋಬಾಲ್ಟ್-ಕ್ರೋಮಿಯಂ ತುಕ್ಕಿಗೆ ಬಗ್ಗುವುದು ಕಡಿಮೆ. 1970ರ ದಶಕದಲ್ಲಿ ಚಿನ್ನದ ಬೆಲೆ ಏರಿದಾಗ ಅದರ ಜಾಗಕ್ಕೆ ಬಂದ ಅಗ್ಗದ ನಿಕಲ್-ಕ್ರೋಮಿಯಂ ಕ್ಯಾಪುಗಳು ಭಾರತದಲ್ಲಿ ಇಂದಿಗೂ ಧಾರಾಳವಾಗಿ ಬಳಕೆಯಲ್ಲಿವೆ, ನಿಕಲ್ ಒಗ್ಗದವರು ಕೇಳಿ ತಿಳಿಯಬೇಕಾದದ್ದು ಇವುಗಳ ಬಗ್ಗೆ. ಟೈಟಾನಿಯಂ ಗಾಳಿ ತಾಗಿದ ಕ್ಷಣವೇ ಆಕ್ಸೈಡ್ ಪದರ ಹೊದ್ದುಕೊಳ್ಳುವುದರಿಂದ ಅದರ ಅಲರ್ಜಿ ಅತಿ ವಿರಳ.

ಚಿನ್ನದ್ದು ವಿಚಿತ್ರ. ಲೋಹವಾಗಿ ಅದು ಜಡ, ಲವಣವಾಗಿ ಚುರುಕು. ಸಂಧಿವಾತಕ್ಕೆ ಚಿನ್ನದ ಲವಣದ ಚುಚ್ಚುಮದ್ದು ಕೊಡುತ್ತಿದ್ದ ಕಾಲದಲ್ಲಿ ಬಾಯಿಹುಣ್ಣು ಅದರ ಪರಿಚಿತ ಅಡ್ಡಪರಿಣಾಮವಾಗಿತ್ತು. ಬಾಯಿಗೆ ಲೋಹದ ರುಚಿ ಬಂತೆಂದು ರೋಗಿ ಹೇಳಿದರೆ ವೈದ್ಯರು ಚುಚ್ಚುಮದ್ದು ನಿಲ್ಲಿಸುವ ಯೋಚನೆ ಮಾಡುತ್ತಿದ್ದರು. ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2001ರಲ್ಲಿ ಚಿನ್ನವನ್ನೇ ‘ವರ್ಷದ ಅಲರ್ಜಿಕಾರಕ’ ಎಂದು ಹೆಸರಿಸಿತು. ಆದರೂ ಪರೀಕ್ಷೆಯಲ್ಲಿ ಚಿನ್ನಕ್ಕೆ ಕೆಂಪಾದವರಲ್ಲಿ ಬಹುಮಂದಿ ಬಳೆ, ಸರ, ಹಲ್ಲು ಎಲ್ಲವನ್ನೂ ನಿಶ್ಚಿಂತೆಯಿಂದ ಧರಿಸುತ್ತಾರೆ.

ಪರೀಕ್ಷೆ ಹೇಳುವುದು, ಹೇಳದಿರುವುದು

ಪ್ಯಾಚ್ ಪರೀಕ್ಷೆಯನ್ನು ಬಾಯಲ್ಲಿ ಮಾಡುವುದಿಲ್ಲ, ಜೊಲ್ಲಿನಲ್ಲಿ ಪಟ್ಟಿ ನಿಲ್ಲದು. ಬೆನ್ನಿನ ಮೇಲೆ ಪುಟ್ಟ ಬಿಲ್ಲೆಗಳಲ್ಲಿ ಲೋಹದ ಲವಣಗಳನ್ನು ಇಟ್ಟು ಅಂಟಿಸುತ್ತಾರೆ: ಶೇ 5ರ ನಿಕಲ್ ಸಲ್ಫೇಟ್, ಶೇ 1ರ ಕೋಬಾಲ್ಟ್ ಕ್ಲೋರೈಡ್, ಪೊಟ್ಯಾಸಿಯಂ ಡೈಕ್ರೋಮೇಟ್, ಪಾದರಸ, ಚಿನ್ನದ ಥಯೋಸಲ್ಫೇಟ್ ಹೀಗೆ. ಎರಡು ದಿನ ಬೆನ್ನು ಒದ್ದೆಮಾಡುವಂತಿಲ್ಲ. 48 ಗಂಟೆಗೆ ಬಿಚ್ಚಿ ನೋಡಿ, ಮತ್ತೆ ನಾಲ್ಕನೆಯ ದಿನ ನೋಡುತ್ತಾರೆ. ಲೋಹಗಳು ನಿಧಾನ, ಹಾಗಾಗಿ ಏಳನೆಯ ದಿನವೂ ನೋಡುವುದು ಒಳ್ಳೆಯದು. ಚಿನ್ನವಂತೂ ಎರಡು ಮೂರು ವಾರ ಬಿಟ್ಟು ಕೆಂಪಾಗಬಹುದು. ಬೇಗ ಕೆಂಪಾಗಿ ಬೇಗ ಆರಿದರೆ ಅದು ಬಹುಶಃ ಕೆರಳಿಕೆ, ದಿನ ಹೋದಂತೆ ಏರುತ್ತ ಹೋದರೆ ಅಲರ್ಜಿ. ಎರಡು ದಾರಿಗಳ ವ್ಯತ್ಯಾಸ ಬೆನ್ನಿನ ಮೇಲೂ ಹೀಗೆ ಕಾಣುತ್ತದೆ.

ಕೆಂಪಾಯಿತು ಎಂದರೆ ದೇಹ ಆ ಲೋಹವನ್ನು ಎಂದೋ ಗುರುತು ಹಿಡಿದಿದೆ ಎಂದಷ್ಟೇ ಅರ್ಥ. ಈಗಿನ ಬಾಯುರಿಗೆ ಅದೇ ಕಾರಣ ಎಂದಲ್ಲ. ಪೊರೆ ನೋಡಲು ಸಂಪೂರ್ಣ ಸಹಜವಾಗಿದ್ದೂ ನಾಲಿಗೆ ಸುಟ್ಟಂತೆ ಉರಿಯುವ ತೊಂದರೆ ಮುಟ್ಟು ನಿಂತ ಹೆಂಗಸರಲ್ಲಿ ಹೆಚ್ಚು. ಅದರ ಮೂಲ ಬಹುತೇಕ ನರಗಳಲ್ಲಿದೆ. ಬಿ12 ಅಥವಾ ಕಬ್ಬಿಣದ ಕೊರತೆ, ಮಧುಮೇಹ, ಶಿಲೀಂಧ್ರದ ಸೋಂಕುಗಳೂ ಹಾಗೆ ಉರಿಸುತ್ತವೆ. ಟೂತ್‌ಪೇಸ್ಟಿನ ದಾಲ್ಚಿನ್ನಿ ಮತ್ತು ಪುದೀನ ಪರಿಮಳಗಳು ಲೋಹಕ್ಕಿಂತ ಹೆಚ್ಚು ಬಾಯಿಗಳನ್ನು ಕೆಡಿಸಿರಬಹುದು. ಇವನ್ನು ನೋಡದೆ ಎಲ್ಲ ಫಿಲ್ಲಿಂಗುಗಳನ್ನೂ ಕೀಳಿಸಿಕೊಂಡವರಿಗೆ ಉರಿ ಹಾಗೇ ಉಳಿದು, ಹಲ್ಲಿನ ಒಂದು ಭಾಗ ಹೋಗಿರುತ್ತದೆ. ಮೂರು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ಲೋಹದ ವಿಚಾರ ಆಮೇಲೆ. ಮೊದಲು ಚೂರು ತೆಗೆದು ಪರೀಕ್ಷಿಸಿ ಅದು ಕ್ಯಾನ್ಸರ್ ಅಲ್ಲವೆಂದು ಖಚಿತಪಡಿಸಿಕೊಳ್ಳುವುದು ಕ್ರಮ, ಎಲೆಯಡಿಕೆಯ ನಾಡಿನಲ್ಲಿ ವಿಶೇಷವಾಗಿ.

ಗಾಯ ಮತ್ತು ಲೋಹ ಒಂದಕ್ಕೊಂದು ತಾಗಿಕೊಂಡಿವೆ, ಪರೀಕ್ಷೆಯೂ ಹೊಂದುತ್ತದೆ ಎಂದಾದರೆ ಆ ಒಂದು ಲೋಹವನ್ನು ಬದಲಿಸುವುದೇ ಚಿಕಿತ್ಸೆ. ಅಲ್ಲಿಯವರೆಗೆ ಸ್ಟೀರಾಯ್ಡ್ ಲೇಪ ಉರಿಯನ್ನು ಹದ್ದುಬಸ್ತಿನಲ್ಲಿಡುತ್ತದೆ. ಅಮಾಲ್ಗಂ ಅತಿ ಹೆಚ್ಚು ಪಾದರಸದ ಆವಿ ಬಿಡುವುದು ಕಲಸಿ ತುಂಬುವಾಗ ಮತ್ತು ಕೊರೆದು ತೆಗೆಯುವಾಗ. ಆದ್ದರಿಂದ ತೆಗೆಯುವಾಗ ಧಾರಾಳ ನೀರು ಹರಿಸಿ, ಬಲವಾದ ಹೀರುಕೊಳವೆಯಿಟ್ಟು, ಹಲ್ಲಿನ ಸುತ್ತ ರಬ್ಬರ್ ಹಾಳೆ ಬಿಗಿದು ಕೆಲಸ ಮಾಡುತ್ತಾರೆ. ಪಾದರಸ ಕುರಿತ ಮಿನಮಾಟ ಒಪ್ಪಂದ 2017ರಲ್ಲಿ ಜಾರಿಗೆ ಬಂತು, ಭಾರತ 2018ರಲ್ಲಿ ಅದನ್ನು ಅನುಮೋದಿಸಿತು. ಯುರೋಪಿನ ಒಕ್ಕೂಟ 2025ರ ಜನವರಿಯಿಂದ ಅಮಾಲ್ಗಂ ಬಳಕೆಯನ್ನು ಬಹುತೇಕ ನಿಲ್ಲಿಸಿದೆ. ಇದಕ್ಕೆ ಮುಖ್ಯ ಕಾರಣ ಬಾಯಿಯ ಅಲರ್ಜಿಯಲ್ಲ, ಚರಂಡಿ ಮತ್ತು ಚಿತಾಗಾರಗಳ ಮೂಲಕ ನೀರು, ಗಾಳಿ ಸೇರುವ ಪಾದರಸ. ಅದರ ಜಾಗಕ್ಕೆ ಬಂದಿರುವ ಬಿಳಿ ಫಿಲ್ಲಿಂಗಿನಲ್ಲಿ ಪಾದರಸವಿಲ್ಲ, ಮೆಥಾಕ್ರಿಲೇಟ್ ಎಂಬ ರಾಳವಿದೆ. ಅದಕ್ಕೂ ಅಲರ್ಜಿಯಾಗುವುದುಂಟು, ರೋಗಿಯ ಬಾಯಿಗಿಂತ ಹೆಚ್ಚಾಗಿ ಅದನ್ನು ದಿನವೂ ಮುಟ್ಟುವ ದಂತವೈದ್ಯರ ಬೆರಳತುದಿಗಳಿಗೆ.